ಒಳಗ ರಾತ್ರಿ ಐತಿ

‘ಬಲೂನು’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಸ್ಕ್ವಾಡ್ರನ್ ಲೀಡರ್ ನೀಲಾಂಬಿಕಾ ಹೊಸಮನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಹುಲಿಗುಡ್ಡ ವಾಯುನೆಲೆಯಲ್ಲಿ ಆಗ ಎಲ್ಲಿ ಹೋದರೂ ಅದೇ ಮಾತು. ಮೆಸ್ಸಿನಲ್ಲಿ ಬಲೂನು, ಆಫೀಸಿನಲ್ಲಿ ಬಲೂನು, ಕ್ಷೌರದಂಗಡಿಯ ಕನ್ನಡಿಯೆದುರಿಗೂ ಬಲೂನು. ಹವಾಮಾನ ಅಳೆಯಲು ಯಾರೋ ಹಾರಿಬಿಟ್ಟ ಒಂದು ರಬ್ಬರಿನ ಚೀಲ ಯುದ್ಧವಿಮಾನವನ್ನು ಹೊಡೆದುರುಳಿಸಿತಂತೆ. ಅದೂ ಹುಡುಗಾಟಕ್ಕೆ ಅದರ ಬೆನ್ನುಹತ್ತಿ ಹೋದ ಪೈಲಟ್‌ನ ತಪ್ಪಿನಿಂದಂತೆ. ಹೇಳುವವರಿಗೆ ನಾಚಿಕೆ ಇರಲಿಲ್ಲ, ಕೇಳುವವರಿಗೆ ಬುದ್ಧಿ ಇರಲಿಲ್ಲ.

ಆ ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಕುಬೇರ ಮುಧೋಳ, ಗದಗಿನ ಹುಡುಗ. ನೀಲಾಂಬಿಕಾಳ ಜೋಡಿ ಪೈಲಟ್. ಅವಳ ವಿಮಾನ ಮುಂದೆ, ಅವನದು ಅವಳ ಬಲಕ್ಕೆ ತುಸು ಹಿಂದೆ. ರಿವಾಜಿನಂತೆ ಅವಳನ್ನು ‘ಮ್ಯಾಡಂ’ ಎನ್ನಬೇಕು. ನೆಲದ ಮೇಲೆ ಹಾಗೇ ಅನ್ನುತ್ತಿದ್ದ. ಮೇಲೆ ಹೋಗಿ, ಇಬ್ಬರೇ ಮಾತಾಡಿಕೊಳ್ಳುವ ರೇಡಿಯೋಗೆ ಬಂದನೆಂದರೆ ‘ಅಕ್ಕಾ’ ಎಂದೇ ಶುರು.

ಅಂದು ಮಟಮಟ ಮಧ್ಯಾಹ್ನ. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಜಲಾಶಯದ ಮೇಲೆ ರಡಾರಿನವರಿಗೆ ಏನೋ ಕಂಡು, ನೋಡಿ ಬನ್ನಿ ಎಂದು ಇಬ್ಬರನ್ನೂ ಕಳಿಸಿದ್ದರು. ಅವರು ನೋಡಿದರು. ಅದು ನಿಂತಲ್ಲೇ ನಿಂತಿತ್ತು. ದೊಡ್ಡದೊಂದು ಕೋಡುಬಳೆಯ ಹಾಗಿತ್ತು, ಆದರೆ ಎರಡು ತುದಿಗಳು ಬರಿದೇ ಅಂಟಿಕೊಂಡಿರಲಿಲ್ಲ. ಒಂದು ತುದಿ ಇನ್ನೊಂದನ್ನು ನುಂಗುತ್ತ ಒಳಗೊಳಗೇ ಹೊರಳುತ್ತಿತ್ತು. ಬಿಸಿಲು ಬಿದ್ದರೂ ಹೊಳಪಿಲ್ಲ, ಕೆಳಗೆ ನೀರಿನ ಮೇಲೆ ನೆರಳಿಲ್ಲ. ನಡುವಿನ ತೂತಿನಾಚೆ ನೀಲಿ ಆಕಾಶ ಕಾಣಬೇಕಿತ್ತಲ್ಲ, ಕಾಣಲಿಲ್ಲ. ಅಲ್ಲಿ ಕತ್ತಲಿತ್ತು. ಕತ್ತಲಲ್ಲಿ ನಕ್ಷತ್ರಗಳಿದ್ದವು.

‘ಅಕ್ಕಾ,’ ಎಂದ ಕುಬೇರ. ‘ಒಳಗ ರಾತ್ರಿ ಐತಿ.’

ಅವನ ದನಿ ನಡುಗುತ್ತಿತ್ತು. ‘ತಿರಗಿ ಹೋಗೂಣಕ್ಕಾ. ನನಗ್ಯಾಕೋ ಅಂಜಿಕಿ ಬರಾಕತ್ತೈತಿ.’

ನೀಲಾಂಬಿಕಾ ನೆಲದವರಿಗೆ ಹೇಳಿದಳು, ಗುರುತು ಸಿಗುತ್ತಿಲ್ಲ, ವಾಪಸಾಗುತ್ತೇವೆ ಎಂದು. ಕಂಟ್ರೋಲ್ ರೂಮಿನ ತಣ್ಣನೆಯ ಗಾಳಿಯಲ್ಲಿ ಕೂತಿದ್ದ ಗ್ರೂಪ್ ಕ್ಯಾಪ್ಟನ್ ನರಹರಿ ಒಪ್ಪಲಿಲ್ಲ. ಆತ ನೆಲೆಯ ಮುಖ್ಯಸ್ಥ. ‘ಎರಡನೆಯವನು ಇನ್ನೂ ಹತ್ತಿರ ಹೋಗಲಿ. ಅದೇನೆಂದು ನೋಡಿ ಹೇಳಲಿ,’ ಎಂದ. ಕುಬೇರ ಹೋದ. ಹೋಗದೆ ಏನು ಮಾಡುತ್ತಾನೆ, ಸಮವಸ್ತ್ರ ಹಾಕಿದವನು? ತೂತಿನ ಅಂಚಿಗೆ ಬಂದದ್ದೇ ತಡ, ವಿಮಾನದ ಮುಂಭಾಗ ಇಲ್ಲವಾಯಿತು. ಹಿಂಭಾಗ ಜಲಾಶಯಕ್ಕೆ ಬಿತ್ತು. ಆ ವಸ್ತು ತನ್ನೊಳಗೇ ಮಡಚಿಕೊಂಡು ಹೋಯಿತು. ಮುಳುಗುಗಾರರು ನೀರನ್ನೆಲ್ಲ ಜಾಲಾಡಿದರು. ಮುಂಭಾಗವೂ ಸಿಗಲಿಲ್ಲ, ಕುಬೇರನೂ ಸಿಗಲಿಲ್ಲ.

ವಿಚಾರಣಾ ಮಂಡಳಿ ಕೂತಿತು. ನರಹರಿ ಮೊದಲ ದಿನವೇ ಕೈ ತೊಳೆದುಕೊಂಡ. ‘ಅದು ಬಲೂನೆಂದು ನನಗೆ ಆಗಲೇ ಗೊತ್ತಿತ್ತು. ನೋಡು ಎಂದೆ, ಡಿಕ್ಕಿ ಹೊಡಿ ಎನ್ನಲಿಲ್ಲ,’ ಎಂದ. ಹಾಗೆ ಹೇಳುವಾಗ ಅವನ ಮೀಸೆಯ ಕೂದಲೂ ಅಲುಗಲಿಲ್ಲ.

ಹಿಂದಿನ ಕಾಲವಾಗಿದ್ದರೆ ನೀಲಾಂಬಿಕಾಳ ಮಾತಿಗೆ ಅವನ ಮಾತು ಎದುರಾಗಿ, ಮಂಡಳಿ ತೂಗಿ ನೋಡುತ್ತಿತ್ತು. ಈಗ ಬಾಯಿಮಾತಿನ ಸಾಕ್ಷಿ ಯಾರಿಗೂ ಬೇಡ. ‘ಮರುನೋಟ’ ಎಂಬ ಯಂತ್ರ ಬಂದಿತ್ತು. ತಲೆಗೆ ಒಂದು ಟೋಪಿ, ಕಣ್ಣಿಗೆ ಒಂದು ಕನ್ನಡಕ, ಪಕ್ಕದಲ್ಲಿ ಒಂದು ಪರದೆ. ಕಂಡದ್ದನ್ನು ನೆನೆಸಿಕೊಂಡರೆ ತಲೆಯ ಹಿಂಬದಿಯಲ್ಲಿ ಮಿದುಳು ಮಿಡಿಯುತ್ತದಲ್ಲ, ಅದನ್ನು ಟೋಪಿ ಓದುತ್ತದೆ, ಪರದೆ ಚಿತ್ರ ಬರೆಯುತ್ತದೆ. ಆ ಚಿತ್ರವನ್ನು ಕನ್ನಡಕ ಸಾಕ್ಷಿಗೆ ತೋರಿಸುತ್ತದೆ. ಸಾಕ್ಷಿ ‘ಹೌದು’ ಎನ್ನುವವರೆಗೆ ಯಂತ್ರ ತಿದ್ದುತ್ತದೆ. ಸಾಕ್ಷಿ ಸುಳ್ಳು ಹೇಳಬಹುದು, ಮಿದುಳು ಹೇಳುವುದಿಲ್ಲ ಎಂದು ಮೇಲಿನವರ ವಾದ. ಆಕಾಶದಲ್ಲಿ ಗುರುತು ಸಿಗದ್ದನ್ನು ಕಂಡವರನ್ನೆಲ್ಲ ಇದರಲ್ಲಿ ಕೂರಿಸುವುದು ಕಡ್ಡಾಯವಾಯಿತು. ಅಂದಿನಿಂದ ಆಕಾಶದಲ್ಲಿ ಗುರುತು ಸಿಗದ ವಸ್ತುವೇ ಇಲ್ಲವಾಯಿತು. ಎಲ್ಲವೂ ಬಲೂನು, ಇಲ್ಲವೆ ಹಕ್ಕಿ, ಇಲ್ಲವೆ ಶುಕ್ರಗ್ರಹ. ಮೇಲಿನವರು ಬೆನ್ನು ತಟ್ಟಿಕೊಂಡರು.

ಗುಡ್ಡದ ಮೇಲಿನ ಕಾವಲುಠಾಣೆಯ ವಾರಂಟ್ ಆಫೀಸರ್ ಫಕೀರಪ್ಪ ಅಂದು ದುರ್ಬೀನಿನಲ್ಲಿ ಎಲ್ಲ ನೋಡಿದ್ದ. ಸೋಮವಾರ ಕ್ಯಾಂಟೀನಿನಲ್ಲಿ ಮೇಜು ಗುದ್ದಿ, ‘ಅದು ಬಲೂನಾದ್ರ ನಾ ನನ್ನ ಮೀಸಿ ಬೋಳಸ್ತೇನ್ರಿ ಮ್ಯಾಡಂ,’ ಎಂದಿದ್ದ. ಬುಧವಾರ ಮರುನೋಟದಲ್ಲಿ ಕೂತು ಬಂದ. ಚಹಾ ಕುಡಿಯುತ್ತ, ‘ಸಣ್ಣ ಬಲೂನ್ರಿ. ಬಿಸಲಾಗ ನನಗ ಹಂಗ ಕಂಡಿತ್ತು,’ ಎಂದು ನಕ್ಕ. ಮೀಸೆ ಇನ್ನೂ ಇತ್ತು. ಬೋಳಿಸುವ ಮಾತು ನೆನಪಿಸಿದರೆ, ತಾನು ಹಾಗೆ ಅಂದದ್ದುಂಟೇ ಎಂದು ಮುಖ ನೋಡಿದ. ಸುಳ್ಳು ಹೇಳುವವನ ಕಣ್ಣುಗಳಾಗಿರಲಿಲ್ಲ ಅವು. ಅದನ್ನು ಕಂಡು ನೀಲಾಂಬಿಕಾಳಿಗೆ ಬೆನ್ನಲ್ಲಿ ಛಳುಕು ಹೊಡೆಯಿತು. ಮುಂದಿನ ಸೋಮವಾರ ಅವಳ ಸರದಿ ಇತ್ತು. ಒಲ್ಲೆ ಎನ್ನುವಂತಿಲ್ಲ. ಒಲ್ಲೆನೆಂದರೆ ಅವಳ ಹೇಳಿಕೆಯೇ ಲೆಕ್ಕಕ್ಕಿಲ್ಲ, ಕುಬೇರನ ಕಡೆಗೆ ಒಂದು ನರಪಿಳ್ಳೆಯೂ ಉಳಿಯುವುದಿಲ್ಲ.

ಭಾನುವಾರ ಅವಳು ಜೀಪು ಹತ್ತಿ ಗದಗಿಗೆ ಹೋದಳು.

ಕುಬೇರನ ತಾಯಿ ಇಂದುಮತಿ ಮುಧೋಳ ಗದಗಿನ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಒಬ್ಬನೇ ಮಗನನ್ನು ಸಂಬಳದ ಮೇಲೆ ಬೆಳೆಸಿದವರು. ಅಳು ಬಂದವರ ಮುಖ ಅವರದಾಗಿರಲಿಲ್ಲ, ಕೆರಳಿದವರ ಮುಖ. ಬಂದವಳನ್ನು ಅಡುಗೆಮನೆಯಲ್ಲೇ ಕೂರಿಸಿ, ಜೋಳದ ಹಿಟ್ಟು ನಾದುತ್ತಲೇ ಎಲ್ಲ ಕೇಳಿದರು.

‘ಮೂವತ್ತ ವರ್ಷ ನೋಡೇನಿ ತಂಗಿ, ಸಾಕ್ಷಿ ತಿರಗಿ ಬೀಳೂದು. ರೊಕ್ಕಾ ತಿಂದು ಬೀಳ್ತಾರ, ಅಂಜಿ ಬೀಳ್ತಾರ. ಕಟಕಟಿಯೊಳಗ ನಿಂತು ಸುಳ್ಳು ಹೇಳೂಮುಂದ ಅವರ ಕಣ್ಣು ನೆಲಾ ನೋಡ್ತಾವು,’ ಎಂದರು. ‘ನೀ ಹೇಳೂದ್ರಾಗ ಆ ಫಕೀರಪ್ಪ ನೆಲಾ ನೋಡಲಿಲ್ಲ.’

‘ಇಲ್ರಿ ಅವ್ವಾರ. ನಕ್ಕೊಂತ ಹೇಳಿದಾ.’

‘ಅಂದ್ರ ಅಂವಾ ಸುಳ್ಳು ಹೇಳಿಲ್ಲ. ಅವನ ನೆನಪನ್ನ ಕದ್ದಾರ.’

ನೀಲಾಂಬಿಕಾ ಹತ್ತಿರ ಸರಿದಳು. ಪರಾತದಲ್ಲಿದ್ದ ಹಿಟ್ಟಿನಿಂದ ಒಂದು ಮುಷ್ಟಿ ಚಿವುಟಿ ತೆಗೆದುಕೊಂಡಳು. ಮಾತಿಗೆ ಸಿಗದ್ದು ಬೆರಳಿಗೆ ಸಿಕ್ಕಿತು. ಹೊಸೆದು, ಬಳೆ ಮಾಡಿ, ಒಂದು ತುದಿಯನ್ನು ಇನ್ನೊಂದರೊಳಗೆ ತುರುಕಿ, ತೂತನ್ನು ಹೆಬ್ಬೆರಳಿನಿಂದ ಒತ್ತಿ ಅಗಲ ಮಾಡಿದಳು. ಅವಳ ಹೆಬ್ಬೆರಳಿನಲ್ಲಿ ಹಳೆಯ ಗಾಯದ ಅಡ್ಡಗೀಟು ಇತ್ತು. ತರಬೇತಿಯ ಕಾಲದಲ್ಲಿ ವಿಮಾನದ ಗಾಜಿನ ಮುಚ್ಚಳಕ್ಕೆ ಸಿಕ್ಕಿದ್ದು. ಆ ಗೀಟು ಹಿಟ್ಟಿನಲ್ಲಿ ಸ್ಪಷ್ಟವಾಗಿ ಮೂಡಿತು. ‘ಹಿಂಗಿತ್ತು ನೋಡ್ರಿ,’ ಎಂದಳು. ಒಳಗೆ ಕಂಡ ಕತ್ತಲು, ನಕ್ಷತ್ರ, ಕುಬೇರನ ಮಾತು, ಅವನ ದನಿಯ ನಡುಕ, ಎಲ್ಲವನ್ನೂ ಹೇಳಿದಳು. ಇಂದುಮತಿ ನಡುನಡುವೆ ತಡೆದು, ಕೋರ್ಟಿನವರು ಕೇಳುವಂತೆ, ಅವನು ಅಂದದ್ದೆಷ್ಟು, ನಿನಗೆ ಅನಿಸಿದ್ದೆಷ್ಟು ಎಂದು ಬೇರೆಬೇರೆ ಮಾಡಿ ಕೇಳಿದರು.

ಹೊರಡುವಾಗ ನೀಲಾಂಬಿಕಾ ಹೊಸ್ತಿಲಲ್ಲಿ ನಿಂತಳು. ‘ಅವ್ವಾರ, ನಾಳೆ ಆದ ಮ್ಯಾಲೆ ನಾನೂ ಬಂದು ಅದು ಬಲೂನು ಅಂದ್ರ, ನಂಬಬ್ಯಾಡ್ರಿ. ಕಪಾಳಕ್ಕ ಹೊಡೀರಿ.’

‘ಅದನ್ನ ನೀ ಹೇಳಬೇಕಾಗಿಲ್ಲ,’ ಎಂದರು ಇಂದುಮತಿ.

ಸೋಮವಾರ ಯಂತ್ರದ ಕೋಣೆಯಲ್ಲಿ ಡಾ. ಅಚ್ಯುತ ಹೊಳ್ಳ ಇದ್ದರು. ಯಂತ್ರ ಕಟ್ಟಿದವರಲ್ಲಿ ಒಬ್ಬರು, ಮೃದು ಮಾತಿನವರು. ‘ಹೆದರಬೇಡಿ ಮೇಡಂ, ನೋವಿಲ್ಲ,’ ಎಂದು ಟೋಪಿ ಕಟ್ಟಿದರು.

ನೀಲಾಂಬಿಕಾ ಕಣ್ಣು ಮುಚ್ಚಿ ನೆನೆಸಿಕೊಂಡಳು. ಕಣ್ಣು ತೆರೆದರೆ ಕನ್ನಡಕದಲ್ಲಿ ಬಳೆಯಂಥದೇನೋ ಮೂಡಿತು, ಅಲುಗಿತು, ಉಬ್ಬಿತು. ಗುಂಡಗಾಯಿತು.

‘ಅಲ್ಲ,’ ಎಂದಳು.

‘ಇನ್ನೊಮ್ಮೆ ನೆನಪು ಮಾಡಿಕೊಳ್ಳಿ ಮೇಡಂ.’

ಮಾಡಿಕೊಂಡಳು. ಈ ಸಲ ನೆನಪಿನ ಜೊತೆಗೆ ಈಗಷ್ಟೇ ಕಂಡ ಗುಂಡನೆಯದೂ ಬಂತು. ಅಲ್ಲ ಎಂದಳು. ಇನ್ನೊಮ್ಮೆ. ತೂತು ಸಣ್ಣದಾಯಿತು. ಇನ್ನೊಮ್ಮೆ. ತೂತಿನ ಕಪ್ಪು ಬಲೂನಿನ ಕೆಳಗೆ ಕಟ್ಟಿದ ಉಪಕರಣದ ಡಬ್ಬಿಯಾಯಿತು. ಅವಳು ಹಲ್ಲು ಕಚ್ಚಿ, ಕುಬೇರಾ, ಕುಬೇರಾ ಎಂದು ಮನಸ್ಸಿನಲ್ಲೇ ಕೂಗಿದಳು. ಹುಡುಕಿದಷ್ಟೂ ಸವೆಯುತ್ತಿತ್ತು. ಕೈಯಲ್ಲಿ ಹಿಡಿದ ಬೆಲ್ಲವನ್ನು ನೀರಿನಲ್ಲಿ ತೊಳೆದಂತೆ.

‘ಇದೇ ಅಲ್ಲವೇ ಮೇಡಂ?’

‘ಹೂಂ,’ ಎಂದಳು ನೀಲಾಂಬಿಕಾ. ‘ಇದೇ.’

ಆಮೇಲಿನದನ್ನು ಹೇಳಲೂ ಹೊಟ್ಟೆ ಉರಿಯುತ್ತದೆ. ಅವಳು ಕ್ವಾರ್ಟರ್ಸಿಗೆ ಹೋಗಿ ಹೊಟ್ಟೆ ತುಂಬ ಉಂಡಳು. ಎಷ್ಟೋ ದಿನದ ಮೇಲೆ ನಿದ್ದೆ ಹತ್ತಿತು. ಬೆಳಗ್ಗೆ ಹಾಡು ಗುನುಗುತ್ತ ತಲೆ ಬಾಚಿಕೊಂಡಳು. ಕುಬೇರನ ಮಾತು ಅವಳಿಗೆ ಅಕ್ಷರ ಅಕ್ಷರ ನೆನಪಿತ್ತು: ಅಕ್ಕಾ, ಒಳಗ ರಾತ್ರಿ ಐತಿ. ಎಂಥ ತಮಾಷೆಯ ಹುಡುಗ, ಬಲೂನು ನೋಡಿ ಹಾಗಂದನಲ್ಲ, ಅಂಜಿಕೆ ಎಂದು ನಾಟಕ ಮಾಡಿದನಲ್ಲ ಎಂದು ಮುಗುಳ್ನಕ್ಕಳು. ಆ ತಮಾಷೆಯಲ್ಲೇ ಜೀವ ಕಳಕೊಂಡ ಎಂದು ನಿಟ್ಟುಸಿರೂ ಬಿಟ್ಟಳು. ಸತ್ತವನ ಕಡೆಯ ಅಳಲನ್ನು ನಗೆಚಾಟಿಕೆ ಮಾಡಿ ಅವಳ ತಲೆಯಲ್ಲಿಟ್ಟಿದ್ದರು. ಇದಕ್ಕಿಂತ ಹೇಸಿಗೆಯ ಕಳವನ್ನು ಯಾವ ಕಳ್ಳನೂ ಮಾಡಿರಲಾರ.

ತೀರ್ಮಾನ ಓದುವ ದಿನ ಸತ್ತವರ ಮನೆಯವರನ್ನು ಕರೆಯುವುದು ಅಲ್ಲಿಯ ರೂಢಿ. ಇಂದುಮತಿ ಬೆಳಗಿನ ಬಸ್ಸಿಗೆ ಬಂದಿಳಿದರು. ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ. ಗೇಟಿನ ಬಳಿ ಕರೆದೊಯ್ಯಲು ನಿಂತಿದ್ದವಳು ನೀಲಾಂಬಿಕಾ. ಮರುಕದಿಂದ ಅವರ ಕೈ ಹಿಡಿದುಕೊಂಡಳು.

‘ಅವ್ವಾರ, ಮನಸ್ಸು ಗಟ್ಟಿ ಮಾಡ್ಕೋರಿ. ಅದು ಬಲೂನ ಇತ್ತು. ನಾನಽ ಸುಮ್ಮನ ಏನೇನೋ ಹೇಳಿ ನಿಮಗ...’

ಛಟೀರೆಂದು ಏಟು ಬಿತ್ತು. ಕಾವಲಿನ ಜವಾನ ಬಂದೂಕು ಸರಿಪಡಿಸಿಕೊಂಡು ಬೇರೆ ಕಡೆ ನೋಡಿದ.

‘ನೀನಽ ಹೇಳಿದ್ದಿ, ಹೊಡೀರಿ ಅಂತ,’ ಎಂದರು ಇಂದುಮತಿ. ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಬಿಳಿಯ ಅರಿವೆಯಲ್ಲಿ, ಹಂಚಿನ ಮೇಲೆ ಬಿಸಿ ಮಾಡಿ ಮಾಳಿಗೆಯ ಮೇಲೆ ಒಣಗಿಸಿದ ಜೋಳದ ಹಿಟ್ಟಿನ ಗಟ್ಟಿ ಗಂಟೊಂದಿತ್ತು. ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ‘ಇದೇನು ಹೇಳು.’

‘ಗೊತ್ತಿಲ್ರಿ,’ ಎಂದಳು ನೀಲಾಂಬಿಕಾ. ನಿಜವಾಗಿಯೂ ಗೊತ್ತಿರಲಿಲ್ಲ. ಅವರ ಅಡುಗೆಮನೆಗೆ ಹೋದದ್ದು ನೆನಪಿತ್ತು, ಹಿಟ್ಟು ಮುಟ್ಟಿದ್ದು ನೆನಪಿತ್ತು. ಮಾಡಿದ್ದು ಗುಂಡನೆಯ ಬಲೂನಿನ ಹಾಗಿತ್ತು ಎಂದೇ ನೆನಪು.

‘ನಿನ್ನ ಹೆಬ್ಬಟ್ಟು ಇಡು ಇಲ್ಲೆ.’

ಇಟ್ಟಳು. ತೂತಿನ ಒಳಮೈಯಲ್ಲಿ ಹೆಬ್ಬೆರಳು ಸರಿಯಾಗಿ ಕೂತಿತು, ಅಡ್ಡಗೀಟಿಗೆ ಅಡ್ಡಗೀಟು ಸಮನಾಗಿ. ನೀಲಾಂಬಿಕಾ ಬೆರಳು ತೆಗೆದು ನೋಡಿದಳು, ಮತ್ತೆ ಇಟ್ಟು ನೋಡಿದಳು. ಕೆನ್ನೆಯ ಉರಿ ನಿಧಾನಕ್ಕೆ ಎದೆಗಿಳಿಯಿತು. ನೆನಪು ಬರಲಿಲ್ಲ. ಬಂದದ್ದು ಸಿಟ್ಟು. ತನ್ನ ತಲೆಯೊಳಗೆ ಯಾರೋ ಚಪ್ಪಲಿ ಹಾಕಿಕೊಂಡು ನಡೆದಾಡಿದ್ದಾರೆ, ದೇವರ ಕೋಣೆಯನ್ನೂ ಬಿಟ್ಟಿಲ್ಲ. ಹೇಳದೆ ಕೇಳದೆ ಎಲ್ಲವನ್ನೂ ಅತ್ತಿತ್ತ ಸರಿಸಿ, ಗುಡಿಸಿ, ಒಪ್ಪ ಮಾಡಿ ಹೋಗಿದ್ದಾರೆ. ಅದಕ್ಕೆ ತಾನು ನಿದ್ದೆ ಬಂತೆಂದು ಹಾಡಿಕೊಂಡಿದ್ದೇನೆ.

‘ನಡೀರಿ ಒಳಗ,’ ಎಂದಳು. ಹಲ್ಲಿನ ನಡುವಿನಿಂದ ಮಾತು ಬಂತು.

ಮಂಡಳಿಯ ಅಧ್ಯಕ್ಷರು ಏರ್ ಕಮಡೋರ್ ಚಂಗಪ್ಪ, ನಿವೃತ್ತಿಗೆ ಹತ್ತಿರವಾದ ಕೊಡಗಿನವರು. ಎದುರಿಗೆ ನರಹರಿ, ಪಕ್ಕದ ಗಾಜಿನ ಕೋಣೆಯಲ್ಲಿ ಮರುನೋಟ, ಅದರ ಬಾಗಿಲಲ್ಲಿ ಹೊಳ್ಳ. ಚಂಗಪ್ಪನವರು ಕಾಗದ ಕೈಗೆತ್ತಿಕೊಂಡರು. ‘ಪೈಲಟ್‌ನ ಅಶಿಸ್ತಿನ ಹುಡುಗಾಟವೇ ಅಪಘಾತಕ್ಕೆ...’

‘ಸರ್, ನಿಲ್ಲಿಸಿ,’ ಎಂದಳು ನೀಲಾಂಬಿಕಾ. ಅಲ್ಲಿ ಯಾರೂ ಅಧ್ಯಕ್ಷರ ಮಾತು ತುಂಡರಿಸಿದ್ದಿಲ್ಲ. ‘ಡಾಕ್ಟರ್ ಹೊಳ್ಳ ಅವರಿಗೆ ಒಂದು ಪ್ರಶ್ನೆ ಇದೆ. ಈ ಯಂತ್ರ ತಾನು ಎಂದೂ ನೋಡದ ವಸ್ತುವಿನ ಚಿತ್ರ ಬರೆಯುತ್ತದೆಯೇ?’

ಹೊಳ್ಳ ಬೆರಳು ಹೊಸಕಿದರು. ‘ಅದಕ್ಕೆ ಲಕ್ಷಾಂತರ ಚಿತ್ರ ತೋರಿಸಿ ಕಲಿಸಿದ್ದೇವೆ ಮೇಡಂ. ವಿಮಾನ, ಹಕ್ಕಿ, ಮೋಡ, ಬಲೂನು. ಅದಕ್ಕೆ ತಿಳಿದಿರುವುದರಲ್ಲಿ ಯಾವುದು ಹತ್ತಿರವೋ ಅದನ್ನು ಬರೆಯುತ್ತದೆ.’

‘ತಿಳಿಯದ್ದಾದರೆ?’

‘ಹತ್ತಿರದ್ದನ್ನೇ ಬರೆಯುತ್ತದೆ.’

‘ಅದನ್ನು ಮತ್ತೆ ಮತ್ತೆ ತೋರಿಸಿದರೆ ಸಾಕ್ಷಿಯ ನೆನಪು ಏನಾಗುತ್ತದೆ?’

ಹೊಳ್ಳ ಯಂತ್ರದ ಕಡೆ ನೋಡಿ, ‘ನೆನಪನ್ನು ಹೊರಗೆ ತೆಗೆದಾಗ ಅದು ಹಸಿಯಾಗಿರುತ್ತದೆ. ಮತ್ತೆ ಒಣಗುವಾಗ ಏನು ಎದುರಿಗಿದೆಯೋ ಅದು ಅಂಟಿಕೊಳ್ಳಬಹುದು. ನನ್ನನ್ನು ಯಾರೂ ಅದನ್ನು ಕೇಳಲಿಲ್ಲ,’ ಎಂದರು.

‘ಕೇಳಲಿಲ್ಲ ಅಂತ ಹೇಳಲಿಲ್ಲೇನ್ರಿ?’ ಇಂದುಮತಿಯ ದನಿ ಗೋಡೆಗೆ ಹೊಡೆಯಿತು. ‘ನನ್ನ ಮಗಾ ಸತ್ತಾನ್ರಿ!’

ನರಹರಿ ಎದ್ದ. ‘ಸರ್, ಇದೆಲ್ಲ ಕಟ್ಟುಕತೆ. ಮಗನನ್ನು ಕಳಕೊಂಡವರ ಸಂಕಟ ನನಗೆ ಅರ್ಥವಾಗುತ್ತದೆ. ಯಂತ್ರ ಯಾರ ನೆನಪನ್ನೂ ಕೆಡಿಸುವುದಿಲ್ಲ.’

‘ಹಾಗಾದರೆ ಕೂತು ತೋರಿಸಿ ಸರ್,’ ಎಂದಳು ನೀಲಾಂಬಿಕಾ. ಡಬ್ಬಿ ತೆರೆದು ಒಣಗಿದ ಹಿಟ್ಟಿನ ಗಂಟನ್ನು ಅವನ ಎದುರಿಗೆ ಹಿಡಿದಳು. ‘ಇದನ್ನು ಚೆನ್ನಾಗಿ ನೋಡಿಕೊಳ್ಳಿ. ಈಗಲೇ ಒಳಗೆ ಹೋಗಿ ನೆನೆಸಿಕೊಳ್ಳಿ. ಇದೇ ಪರದೆಯ ಮೇಲೆ ಬಂದರೆ ನಾನು ಕ್ಷಮೆ ಕೇಳಿ ಕೆಲಸ ಬಿಡುತ್ತೇನೆ.’

ನರಹರಿ ನಕ್ಕ. ಆದರೆ ಚಂಗಪ್ಪನವರು ನಗಲಿಲ್ಲ. ‘ಕೂತುಕೊಳ್ಳಿ ನರಹರಿ. ಸಾಕ್ಷಿಗಳನ್ನೆಲ್ಲ ಕೂರಿಸಿದ್ದೀರಿ, ನಿಮಗೇನು ಅಡ್ಡಿ?’ ಎಂದರು. ಎಲ್ಲರೆದುರು ಹಿಂದೆಗೆದರೆ ಮರ್ಯಾದೆ ಹೋಗುತ್ತದೆ. ಅವನು ಆ ಗಂಟನ್ನು ಕೈಗೆ ತೆಗೆದುಕೊಂಡು, ತಿರುಗಿಸಿ, ತೂತಿನೊಳಗೆ ಇಣುಕಿ ನೋಡಿ, ‘ಆಯಿತು’ ಎಂದು ಮೇಜಿನ ಮೇಲಿಟ್ಟ. ಗಟ್ಟಿ ಹೆಜ್ಜೆಯಿಟ್ಟು ಗಾಜಿನ ಕೋಣೆಗೆ ಹೋದ.

ಗಂಟು ಮೇಜಿನ ಮೇಲೆಯೇ ಎಲ್ಲರ ಕಣ್ಣೆದುರಿಗಿತ್ತು. ಪರದೆಯ ಮೇಲೆ ಬಳೆಯಂಥದೇನೋ ಅಲುಗಿತು. ಹೊಳ್ಳ, ‘ಇದೇ ಅಲ್ಲವೇ ಸರ್?’ ಎಂದರು. ಒಳಗಿನಿಂದ ‘ಅಲ್ಲ, ಅಲ್ಲ’ ಎಂದು ನರಹರಿ ಗದರಿದ್ದು ಕೇಳಿಸಿತು. ಇನ್ನೊಮ್ಮೆ ಎಂದರು. ಉಬ್ಬಿತು. ಇನ್ನೊಮ್ಮೆ ಎಂದರು. ತೂತು ಮುಚ್ಚಿತು. ಗದರುವ ದನಿ ಮೆತ್ತಗಾಯಿತು. ಕಡೆಗೆ ‘ಹಾಂ, ಇದೇ’ ಎಂದ. ಗಾಳಿ ಹೋಗಿ ಮುದುರಿದ ಬಲೂನೊಂದು ಪರದೆಯ ಮೇಲೆ ನಿಂತಿತ್ತು.

ಹೊರಗೆ ಬಂದ ನರಹರಿಯ ಮುಖದಲ್ಲಿ ಸಮಾಧಾನವಿತ್ತು. ‘ಸರಿಯಾಗಿ ಬಂತಲ್ಲ ಸರ್?’ ಎಂದು ಅಧ್ಯಕ್ಷರನ್ನು ಕೇಳಿದ.

ಇಂದುಮತಿ ಮೇಜಿನ ಮೇಲಿನ ಗಂಟನ್ನು ಎತ್ತಿ ಅವನ ಮುಖದ ಹತ್ತಿರ ಹಿಡಿದರು. ‘ಇದೇನ್ರಿ ಸಾಹೇಬ್ರ?’

ನರಹರಿ ನೋಡಿದ. ಹುಬ್ಬು ಗಂಟಿಕ್ಕಿತು. ‘ಇದು ಬೇರೆ. ನನಗೆ ತೋರಿಸಿದ್ದು ಇದಲ್ಲ, ಗಾಳಿ ಹೋದ ಬಲೂನು.’ ಅವನ ದನಿ ಏರಿತು. ‘ನೀವು ಬದಲಾಯಿಸಿದ್ದೀರಿ! ಸರ್, ನಾನು ಒಳಗಿದ್ದಾಗ ಇವರು ವಸ್ತು ಬದಲಾಯಿಸಿದ್ದಾರೆ. ನಾನು ಈ ಕೈಯಲ್ಲಿ ಹಿಡಿದು ನೋಡಿದ್ದೇನೆ, ನನಗೆ ಗೊತ್ತಿಲ್ಲವೇ?’

‘ಗೊತ್ತಿಲ್ಲ,’ ಎಂದರು ಚಂಗಪ್ಪ. ಅವರ ಮುಖ ಬಿಳಿಚಿತ್ತು. ಹೊಳ್ಳರ ಕಡೆ ತಿರುಗಿ, ‘ಇದರಲ್ಲಿ ಇದುವರೆಗೆ ಯಾರು ಯಾರು ಕೂತಿದ್ದಾರೆ?’ ಎಂದು ಕೇಳಿದರು.

‘ಆಕಾಶದಲ್ಲಿ ಏನಾದರೂ ಕಂಡೆವೆಂದವರೆಲ್ಲರೂ ಸರ್. ದೇಶದಲ್ಲಿ ಎಲ್ಲರೂ.’

ಚಂಗಪ್ಪನವರು ಕೈಯಲ್ಲಿದ್ದ ಕಾಗದವನ್ನು ಅಡ್ಡಡ್ಡ ಹರಿದರು. ಹುಡುಗಾಟ, ಅಶಿಸ್ತು ಎಂಬ ಮಾತುಗಳು ಕುಬೇರನ ಹೆಸರಿನ ಪಕ್ಕದಿಂದ ಅಂದೇ ಹೋದವು. ‘ಕಾರಣ ತಿಳಿದಿಲ್ಲ. ಹಿಂತಿರುಗುತ್ತೇವೆ ಎಂದರೂ ಮೇಲಧಿಕಾರಿಯ ಆಜ್ಞೆಯಂತೆ ಹತ್ತಿರ ಹೋಗಿ ಪ್ರಾಣ ಕಳೆದುಕೊಂಡರು’ ಎಂದು ನೀಲಾಂಬಿಕಾಳ ಮೊದಲ ಹೇಳಿಕೆಯ ಆಧಾರದ ಮೇಲೆ ಬರೆಸಿದರು. ನರಹರಿ ಸಂಜೆಯವರೆಗೂ ತನಗೆ ತೋರಿಸಿದ್ದು ಬಲೂನೇ ಎಂದು ಒದರುತ್ತಿದ್ದ. ಯಾರೂ ಅವನನ್ನು ಸುಳ್ಳುಗಾರ ಎನ್ನಲಿಲ್ಲ. ಅದೇ ಅವನಿಗೆ ತಡೆಯಲಾಗದಾಯಿತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಗೇಟಿನ ಹೊರಗಿನ ಬೇವಿನ ಮರದ ಕೆಳಗೆ, ಕಲ್ಲಿನ ಮೇಲೆ ಇಬ್ಬರೂ ಕೂತರು. ಗೆದ್ದವರ ಹಾಗೆ ಇಬ್ಬರೂ ಇರಲಿಲ್ಲ. ಕಣ್ಣು ಮುಚ್ಚಿದರೆ ನೀಲಾಂಬಿಕಾಳಿಗೆ ಈಗಲೂ ಬೆಳ್ಳನೆಯ ಬಲೂನೇ ಕಾಣುತ್ತಿತ್ತು. ಅದನ್ನು ಹೊಸಕಿ ಹಾಕಬೇಕೆನಿಸುವಷ್ಟು ಸಿಟ್ಟು ಬರುತ್ತಿತ್ತು. ಕುಬೇರನ ಮಾತು ಕಿವಿಯಲ್ಲಿ ಮೊಳಗುತ್ತಿತ್ತು, ಈಗಲೂ ನಗುವವನ ಮಾತಿನ ಹಾಗೆಯೇ. ಅದು ನಗುವಲ್ಲವೆಂದು ಅವಳ ಬುದ್ಧಿಗೆ ಗೊತ್ತು, ಕಿವಿಗೆ ಗೊತ್ತಿಲ್ಲ. ಹೊಳ್ಳರನ್ನು ಕೇಳಿದ್ದಳು. ಹೋದದ್ದು ಮರಳುವುದಿಲ್ಲ ಎಂದಿದ್ದರು.

‘ಅವ್ವಾರ,’ ಎಂದಳು. ‘ನಾ ಏನ್ ನೋಡಿದ್ದೆ? ನೀವಽ ಹೇಳಬೇಕು.’

ಇಂದುಮತಿ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡರು. ‘ಮಟಮಟ ಮಧ್ಯಾಹ್ನ. ಮೋಡ ಇರಲಿಲ್ಲ,’ ಎಂದು ಶುರು ಮಾಡಿದರು. ನೆರಳಿಲ್ಲದ್ದನ್ನು ಹೇಳಿದರು, ತೂತಿನಾಚೆಯ ನಕ್ಷತ್ರ ಹೇಳಿದರು. ಒಂದು ಮಾತನ್ನೂ ಹೆಚ್ಚು ಮಾಡಲಿಲ್ಲ, ಕಡಿಮೆ ಮಾಡಲಿಲ್ಲ. ‘ಆಗ ಅಂವಾ ನಿನಗ, ಅಕ್ಕಾ, ಒಳಗ ರಾತ್ರಿ ಐತಿ ಅಂದಾ. ದನಿ ನಡಗತಿತ್ತು ಅಂತ ನೀ ಹೇಳಿದ್ದಿ. ನನ್ನ ಮಗಾ ಚ್ಯಾಷ್ಟಿ ಮಾಡಲಿಲ್ಲ ತಂಗಿ. ಅಂಜಿದ್ದಾ. ಅಂಜಿ, ತಿರಗಿ ಹೋಗೂಣು ಅಂದಿದ್ದಾ.’

ಅಲ್ಲಿಗೆ ಬಂದು ಅವರ ಮಾತು ನಿಂತಿತು. ಮಗ ಸತ್ತ ಸುದ್ದಿಗೂ ಅಳದಿದ್ದವರು ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದರು. ನೀಲಾಂಬಿಕಾ ಅವರ ಕೈ ಹಿಡಿದುಕೊಂಡಳು. ದೂರದಲ್ಲಿ ಬಸ್ಸಿನ ಧೂಳು ಕಾಣಿಸಿತು.

‘ಈ ಬಸ್ಸು ಹೋಗ್ಲಿ ಬಿಡ್ರಿ. ಇನ್ನೊಮ್ಮೆ ಹೇಳ್ರಿ,’ ಎಂದಳು.

ಇಂದುಮತಿ ಕಣ್ಣೊರೆಸಿಕೊಂಡು ಮೊದಲಿನಿಂದ ಹೇಳತೊಡಗಿದರು.